ನಡುಗೋ ಲಾರಿಗೆ ನಾಲ್ಕು ಮೇಸ್ತ್ರಿ

ಲಾರಿ ಸ್ಟಾರ್ಟ್ ಆದ ತಕ್ಷಣ ನಮ್ಮೆಜಮಾನ್ರ ಕನ್ನಡಕ ಮೂಗಿನ ತುದಿಗೆ ಬರತ್ತೆ. ಮೊದಲನೇ ಗೇರಿಗೆ ಮೀಸೆ ಮೇಲೆ ಕೂರತ್ತೆ. ಎರಡನೇ ಗೇರಿಗೆ ಮಡಿಲಿಗೆ ಬೀಳತ್ತೆ. ಅದನ್ನ ಹಿಡಿಯೋಕೆ ಅಂತಾನೇ ಪಕ್ಕದ ಸೀಟಲ್ಲಿ ನಾನು. ಮದುವೆಯಾದ ಹೊಸದರಲ್ಲಿ ಪಕ್ಕ ಕೂರಿಸ್ಕೊಂಡು ಸುತ್ತಾಡಿಸ್ತಿದ್ದಿದ್ದು ಪ್ರೀತಿಗೆ. ಈಗ ಕ್ಯಾಚ್ ಹಿಡಿಯೋಕೆ.

ನಾಲ್ಕು ತಿಂಗಳಿಂದ ಇದೇ ಪಾಡು. ಕನ್ನಡಿ ನೋಡಿದ್ರೆ ಹಿಂದೆ ಬರ್ತಿರೋ ಒಂದು ಬಸ್ಸು ಎರಡಾಗಿ ಕಾಣತ್ತೆ, ಯಾವುದಕ್ಕೆ ದಾರಿ ಬಿಡೋದು ಅಂತ ಇವರಿಗೆ ತಿಳಿಯಲ್ಲ. ನಾನು ಬಾಯಿ ಬಿಟ್ರೆ ಒಂದೊಂದು ಅಕ್ಷರಾನೂ ಮೂರ್ಮೂರು ಸಲ ಉದುರತ್ತೆ. "ಮೊದಲು ಒಂದು ಪಾಲು ಬೈತಿದ್ದೆ, ಈಗ ಮೂರು ಪಾಲು ಬೀಳ್ತಿದೆ ಕಣೇ" ಅಂತಾರೆ. ಅದು ಇಂಜಿನ್ ಅಲ್ಲ, ಅಂಜಿನ್. ಕೀಲಿ ತಿರುಗಿಸಿದ್ರೆ ಸಾಕು, ಯಾರನ್ನೋ ನೋಡಿ ಅಂಜಿದ ಹಾಗೆ ನಡುಗತ್ತೆ. "ಕಂಪನಿ ಗಾಡಿ ಇದು, ಹಗುರವಾಗಿ ಮಾತಾಡಬೇಡ" ಅಂತ ಇವರು. ಆ ಕಂಪನಿ ಬಾಗಿಲು ಹಾಕಿ ಹದಿನೈದು ವರ್ಷ ಆಯ್ತು. ಕಂಪನಿ ಹೋಯ್ತು, ಕಂಪನ ನಮ್ಮ ಪಾಲಿಗೆ ಉಳೀತು.

ಗಾಡಿ ನಮ್ಮ ಮಾವನವರದು. ವಯಸ್ಸು ಇಪ್ಪತ್ತಾರು. ಮಾವ ಹೋಗೋ ಮುಂಚೆ ಅದನ್ನ ಇಬ್ಬರು ಮಕ್ಕಳ ಹೆಸರಿಗೂ ಸೇರಿಸಿ ಬರೆದಿಟ್ರು: ನಮ್ಮೆಜಮಾನ್ರು, ಮತ್ತೆ ಅವರ ಅಕ್ಕ. ಓಡಿಸೋದು ಇವರು, ಗದರಿಸೋದು ಅವರು. ಹಂಚಿಕೆ ಸರಿಯಾಗೇ ಇದೆ.

ಆ ಅಕ್ಕ, ಅಂದ್ರೆ ನಮ್ಮ ಅತ್ತಿಗೆ, ಜೇನು ಸಾಕ್ತಾರೆ. ಎಂಬತ್ತು ಪೆಟ್ಟಿಗೆ. ಹೂವು ಎಲ್ಲಿ ಬಿಡತ್ತೋ ಅಲ್ಲಿಗೆ ಪೆಟ್ಟಿಗೆ ಹೋಗಬೇಕು, ಪೆಟ್ಟಿಗೆ ಹೋಗೋಕೆ ನಮ್ಮ ಲಾರಿ ಬೇಕು. ಹುಳಗಳಿಗೆ ಒಂದು ಗುಣ ಇದೆ: ಗುಂಡಿ ಸಿಕ್ಕಿ ಗಾಡಿ ಎಗರಿದ್ರೂ ಸಹಿಸ್ಕೊಳ್ತವೆ, ಬಿಡದೆ ನಡುಗ್ತಾ ಇದ್ರೆ ಮಾತ್ರ ಸಹಿಸಲ್ಲ. ಯಾರೋ ಮನೆ ಅಲ್ಲಾಡಿಸ್ತಿದ್ದಾರೆ ಅಂತ ಯುದ್ಧಕ್ಕೆ ನಿಲ್ತವೆ. ಈ ವಿಷಯದಲ್ಲಿ ನಾನೂ ಹುಳಗಳ ಪಕ್ಷ.

ನಡುಕ ಶುರುವಾದಾಗ ಮೊದಲು ಹೋಗಿದ್ದು ಗ್ಯಾರೇಜ್ ಬೀದಿಯ ದೊಡ್ಡ ಮೇಸ್ತ್ರಿ ಹತ್ರ. ಬೀದಿಗೆಲ್ಲಾ ಹಿರಿಯರು, ಇಂಜಿನ್ನನ್ನ ಹೆಗಲ ಮೇಲೆ ಹೊತ್ತು ಸಾಕಿದೋರ ಹಾಗೆ ಮಾತಾಡ್ತಾರೆ. ಬಾನೆಟ್ ಎತ್ತಿ, ಮೂಗಿಂದ ಒಂದು ಸಲ ಉಸಿರು ಬಿಟ್ಟು, "ಮೌಂಟಿಂಗ್" ಅಂದ್ರು.

"ಅಂದ್ರೆ?" ಅಂದೆ ನಾನು.

"ಇಂಜಿನ್ನು ಚಾಸಿ ಮೇಲೆ, ಅಂದ್ರೆ ಗಾಡಿಯ ಕಬ್ಬಿಣದ ಚೌಕಟ್ಟಿನ ಮೇಲೆ, ನೇರ ಕೂರಲ್ಲ ತಾಯಿ, ರಬ್ಬರ್ ಮೇಲೆ ಕೂರತ್ತೆ. ಕುಣಿಯೋದೆಲ್ಲಾ ರಬ್ಬರ್ ನುಂಗ್ಕೊಳತ್ತೆ. ಒಂದು ರಬ್ಬರ್ ಹರಿದಿದೆ."

ನಿಜ, ಹರಿದಿತ್ತು. ಹೊಸದು ಹಾಕಿದ್ರು. ಮನೆಗೆ ಬರೋ ದಾರಿಯಲ್ಲೂ ಕನ್ನಡಕ ಮಡಿಲಿಗೇ ಬಿತ್ತು.

"ಸ್ವಲ್ಪ ಕಮ್ಮಿ ಆಗಿದೆ ಅಲ್ವಾ?" ಅಂದ್ರು ಇವರು, ಕಣ್ಣು ಕಿರಿದು ಮಾಡಿ ರಸ್ತೆ ಹುಡುಕ್ತಾ.

"ಹೌದು. ಮೊದಲು ಗಡಗಡ ಅಂತಿತ್ತು, ಈಗ ಗಿಡಿಗಿಡಿ ಅಂತಿದೆ. ಮುಂದಿನ ತಿಂಗಳು ಗುಡುಗುಡು ಅನ್ನಬಹುದು."

ಎರಡನೇದು ಪಂಪಿನವನು. ಡೀಸೆಲ್ ಪಂಪು, ನಾಜಲ್ಲು ಬಿಟ್ರೆ ಪ್ರಪಂಚದಲ್ಲಿ ಬೇರೇನೂ ಕೆಡಲ್ಲ ಅನ್ನೋ ನಂಬಿಕೆ ಅವನದು. ಇಂಜಿನ್ ಓಡ್ತಿರೋವಾಗ್ಲೇ ಒಂದೊಂದು ನಾಜಲ್ಲಿನ ಪೈಪ್ ನಟ್ಟು ಸಡಿಲ ಮಾಡ್ತಾ ಹೋದ. ಯಾವ ಸಿಲಿಂಡರ್ ಸತ್ತಿದ್ಯೋ ಅದರದ್ದು ಸಡಿಲ ಮಾಡಿದಾಗ ಇಂಜಿನ್ ಸದ್ದು ಬದಲಾಗಲ್ವಂತೆ, ಹಾಗೆ ಕಳ್ಳ ಸಿಕ್ಕಿಬೀಳ್ತಾನಂತೆ. ಆರಕ್ಕೆ ಆರೂ ಸಡಿಲ ಮಾಡಿದಾಗ ಆರು ಸಲಾನೂ ಇಂಜಿನ್ ಕೆಮ್ಮಿತು.

"ಹಾಗಾದ್ರೆ ಆರೂ ಚೆನ್ನಾಗಿವೆ?" ಅಂದೆ.

"ಚೆನ್ನಾಗಿವೆ ಅಕ್ಕಾ."

"ಮತ್ತೆ ಯಾಕೆ ಬಿಚ್ಚಿ ತೊಳೀತಿದೀಯ?"

"ಬಂದೋರನ್ನ ಬರಿಗೈಯಲ್ಲಿ ಕಳಿಸೋಕಾಗತ್ತಾ?"

"ಆ ಮೌಂಟಿಂಗ್ ಕೂಡ ಒಂದು ಸಲ ನೋಡಿಬಿಡಣ್ಣಾ" ಅಂದೆ.

ಅವನು ನಾಲಗೆ ಕಚ್ಚಿಕೊಂಡ. "ಅದು ಮೇಸ್ತ್ರಿಗಳು ಕೈ ಹಾಕಿದ ಜಾಗ ಅಕ್ಕಾ. ನಾವು ಕೈ ಹಾಕಂಗಿಲ್ಲ."

ಅದು ಬೀದಿಯ ಕಾಯ್ದೆ. ಹಿಂದೆ ಯಾವಾಗ್ಲೋ ಒಬ್ಬ ಮಾಡಿದ ಕೆಲಸಾನ ಇನ್ನೊಬ್ಬ ಬಿಚ್ಚಿ, "ಯಾವ ಕತ್ತೆ ಮಾಡಿದ್ದು ಇದನ್ನ?" ಅಂದನಂತೆ. ಕತ್ತೆ ಪಕ್ಕದ ಅಂಗಡೀಲೇ ಇತ್ತು. ಸ್ಪ್ಯಾನರ್‌ಗಳು ಹಾರಾಡಿದ್ವು, ಎರಡು ಹಲ್ಲು ಉದುರಿದ್ವು. ಅವತ್ತಿಂದ ಒಬ್ಬರ ಕೆಲಸ ಇನ್ನೊಬ್ಬರು ಬಿಚ್ಚಂಗಿಲ್ಲ. ಬೇಕಾದ್ರೆ ಅದರ ಮೇಲೆ ತಮ್ಮದೊಂದು ಸೇರಿಸಬಹುದು. ಹೀಗಾಗಿ ಆ ಬೀದಿಗೆ ಹೋದ ಗಾಡಿ ಬರೋವಾಗ ನೂರು ಕಿಲೋ ಜಾಸ್ತಿ ಇರತ್ತೆ.

ನಾಜಲ್ ತೊಳೆದ ಮೇಲೂ ನಡುಕ ನಡುಕವೇ. "ಹೊಗೆ ಮಾತ್ರ ಎಷ್ಟು ಬೆಳ್ಳಗೆ ಬರ್ತಿದೆ ನೋಡೇ!" ಅಂತ ಇವರ ಸಮಾಧಾನ.

ಇಷ್ಟರಲ್ಲಿ ಅತ್ತಿಗೆ ಪರೀಕ್ಷೆಗೆ ಅಂತ ಆರು ಪೆಟ್ಟಿಗೆ ಹೇರಿಸಿದ್ರು. ಊರು ದಾಟೋ ಮುಂಚೇನೇ ಪೆಟ್ಟಿಗೆಗಳ ಒಳಗಿಂದ ಕುದಿಯೋ ಎಣ್ಣೆ ಸದ್ದು. ನಡುಕಕ್ಕೆ ಒಂದು ಮುಚ್ಚಳ ಇಂಚಿಂಚಾಗಿ ಸರಿದು ಬಾಯಿ ಬಿಡ್ತು. ಮುಂದಿನದನ್ನ ನಾನು ವಿವರಿಸಲ್ಲ. ಮೂರು ದಿನ ನಮ್ಮೆಜಮಾನ್ರ ಮುಖ ಎಷ್ಟು ಊದಿತ್ತು ಅಂದ್ರೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಕನ್ನಡಕ ಜಾರದೆ ನಿಂತಿತ್ತು.

ಸೋಮವಾರ ಅತ್ತಿಗೆ ಮನೆಗೆ ಬಂದ್ರು. ಕೂರಲಿಲ್ಲ. ಕೂತ್ರೆ ಗದರಿಸೋಕೆ ಉಸಿರು ಸಾಲಲ್ಲ ಅವರಿಗೆ.

"ಸೂರ್ಯಕಾಂತಿ ಅರಳಿದೆ ಕಣೋ. ಹತ್ತು ದಿನ ಇರತ್ತೆ, ಆಮೇಲೆ ತಲೆ ಬಗ್ಗಿಸತ್ತೆ. ಶನಿವಾರ ಬೆಳಿಗ್ಗೆ ನಲವತ್ತು ಪೆಟ್ಟಿಗೆ ಹೊಲದಲ್ಲಿರಬೇಕು."

"ಇರತ್ತೆ ಅಕ್ಕಾ."

"ನಿನ್ನ ಗಾಡಿಯಲ್ಲಿ ಹೋದ್ರೆ ಪೆಟ್ಟಿಗೆ ಇರತ್ತೆ, ಹುಳ ಇರಲ್ಲ. ಕೇಳು. ಶನಿವಾರ ನನ್ನ ಹುಳ ಸುಮ್ನೆ ಕೂತ್ರೆ ಸರಿ. ಇಲ್ಲಾಂದ್ರೆ ಬೇರೆ ಗಾಡಿ ಗೊತ್ತು ಮಾಡ್ಕೋತೀನಿ, ಇದನ್ನ ಗುಜರಿಗೆ ಹಾಕೋದೇ. ಅರ್ಧ ಗಾಡಿ ನಂದು, ನೆನಪಿರ್ಲಿ."

"ಅರ್ಧ ಗಾಡಿ ಗುಜರಿಗೆ ಹಾಕೋಕೆ ಬರಲ್ಲ ಅಕ್ಕಾ" ಅಂತ ಇವರು ನಗೋಕೆ ನೋಡಿದ್ರು.

"ಬರತ್ತೆ. ಮುಂದಿನರ್ಧ ನಂದು ಅಂತ ಇಟ್ಕೋ, ಇಂಜಿನ್ ಇರೋ ಕಡೆ. ಹಿಂದಿನರ್ಧಾನ ನೀನು ತಳ್ಕೊಂಡು ಓಡಾಡು." ಫೋನ್ ತೆಗೆದು ಗುಜರಿಯವನ ನಂಬರ್ ನಮ್ಮಿಬ್ಬರಿಗೂ ತೋರಿಸಿ ಹೋದ್ರು.

ಇವರು ಅವತ್ತು ಊಟಕ್ಕೆ ಕೂತು ಅನ್ನ ಕಲಸ್ತಾನೇ ಇದ್ರು. ಹತ್ತೊಂಬತ್ತನೇ ವಯಸ್ಸಿಂದ ಆ ಸ್ಟೇರಿಂಗ್ ಹಿಡಿದೋರು. ಗಾಡಿ ಇಲ್ದೆ ಇವರು ಏನು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋ ಆಸೆ ಇಬ್ಬರಿಗೂ ಇಲ್ಲ.

"ಏನಾದ್ರೂ ಹೇಳೇ" ಅಂದ್ರು ಕೊನೆಗೆ.

"ಅನ್ನ ಸಾಕು ಬಿಡಿ, ಅದಕ್ಕೂ ನಡುಕ ಬರತ್ತೆ."

ಮಂಗಳವಾರ ಕ್ಲಚ್ಚಣ್ಣನ ಹತ್ರ ಹೋದ್ವಿ. ಅವನು ಲಾರಿ ಕೆಳಗೆ ಮಲಗಿದ್ರೇನೇ ಮಾತಾಡೋದು, ಎದ್ದು ನಿಂತ್ರೆ ಮೂಕ. ಇವರು ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ತೋರಿಸಿದ್ರು. ಒತ್ತಿದಾಗ ನಡುಕ ಬದಲಾದ್ರೆ ದೋಷ ಕ್ಲಚ್ಚಲ್ಲಿ. ಬದಲಾಗಲಿಲ್ಲ.

"ಅಂದ್ರೆ ಕ್ಲಚ್ ಅಲ್ಲ" ಅಂದೆ.

ಕೆಳಗಿಂದ ದನಿ ಬಂತು: "ಅಲ್ಲ ಅಂತ ಗೊತ್ತಾಗ್ಬೇಕಾದ್ರೆ ಬದಲಾಯಿಸಿ ನೋಡ್ಬೇಕು."

ಗೇರ್ ಬಾಕ್ಸ್ ಇಳೀತು, ಹೊಸ ಪ್ಲೇಟು ಏರ್ತು, ಗೇರ್ ಬಾಕ್ಸ್ ಹತ್ತಿತು. ಒಂದೂವರೆ ದಿನ. ಸ್ಟಾರ್ಟ್ ಮಾಡಿದ್ರು. ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಕಾಫಿ ಲೋಟ ತಾನೇ ನಡ್ಕೊಂಡು ಬಂದು ನನ್ನ ಕೈಗೆ ಸೇರ್ತು.

"ಸೆಟ್ ಆಗೋಕೆ ಟೈಮ್ ಬೇಕು" ಅಂತು ಕೆಳಗಿನ ದನಿ.

ಗುರುವಾರ ಚಕ್ರದವನು. ಇಲ್ಲಿ ನನ್ನ ತಾಳ್ಮೆಯ ಟಯರ್ ಪಂಚರ್ ಆಯ್ತು.

"ಗಾಡಿ ನಿಂತಿದ್ರೂ ನಡುಗತ್ತೆ ಅಣ್ಣಾ. ಚಕ್ರ ತಿರುಗ್ತಾನೇ ಇರಲ್ಲ. ಚಕ್ರದ ದೋಷ ಹೇಗಾಗತ್ತೆ?"

"ನಿಂತಾಗ ಚಕ್ರ ಇರಲ್ವಾ ತಾಯಿ?"

"ಇರತ್ತೆ."

"ಮತ್ತೆ?"

ಇದಕ್ಕೆ ಉತ್ತರ ಇದ್ದೋರು ಹೇಳಿ. ಆರು ಚಕ್ರ ಬಿಚ್ಚಿ, ಬ್ಯಾಲೆನ್ಸ್ ಮಾಡಿ, ಅಂಚಿಗೆ ಸೀಸದ ತುಂಡು ಬಡಿದ. ಗಾಡಿ ಚೆನ್ನಾಗಿ ಕಾಣ್ಲಿ ಅಂತ ಕೆಳಗೆಲ್ಲಾ ಕಪ್ಪು ಬಣ್ಣಾನೂ ಹೊಡೆದ. ನಮ್ಮ ಲಾರಿ ಈಗ ಅಂದವಾಗಿ ನಡುಗೋಕೆ ಶುರು ಮಾಡ್ತು.

ಇವರು ವಾಪಸ್ ಬಂದು ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಸ್ಟೇರಿಂಗ್ ಮೇಲೆ ಹಣೆ ಇಟ್ರು. "ಅಕ್ಕ ಫೋನ್ ಮಾಡ್ಲಿ ಬಿಡು ಗುಜರಿಯವನಿಗೆ" ಅಂದ್ರು. ನಾನು ಬೈಯೋಕೆ ಅಂತ ತೆರೆದ ಬಾಯಿ ಮುಚ್ಕೊಂಡೆ. ನಾಲ್ಕು ತಿಂಗಳಲ್ಲಿ ಇದೇ ಮೊದಲ ಸಲ.

ನನ್ನ ಕಸುಬು ಹೊಲಿಗೆ. ಮುಂದಿನ ಕೋಣೇಲಿ ಮೋಟರ್ ಮೆಷಿನ್ ಇದೆ. ಅತ್ತಿಗೆ ಹುಳಗಳ ಮಧ್ಯೆ ಹಾಕ್ಕೊಳ್ಳೋ ಬಲೆ ಮುಸುಕು ಹರಿದಿದೆ ಅಂತ ಕೊಟ್ಟಿದ್ರು, ಶನಿವಾರಕ್ಕೆ ಬೇಕಲ್ಲ, ಹೊಲಿಯೋಕೆ ಕೂತೆ. ಪೆಡಲ್ ಒತ್ತಿದೆ. ಗೋಡೆ ಗುಂಯ್ ಅಂತು. ಗೋಡೆ ಆಚೆ ಅಡುಗೆಮನೇಲಿ ತಟ್ಟೆಗಳು ಕಿಣಿಕಿಣಿ ಅಂದ್ವು.

ಅಡುಗೆಮನೆಯಿಂದ ಇವರು ಕೂಗಿದ್ರು: "ಅಯ್ಯೋ, ಇಲ್ಲೂ ಶುರುವಾಯ್ತಾ?"

"ಬೆಳಿಗ್ಗೆ ಕಸ ಗುಡಿಸಿದೋರು ಯಾರು?"

"ನಾನೇ. ಯಾಕೆ?"

"ಟೇಬಲ್ಲನ್ನ ಗೋಡೆಗೆ ಒತ್ತಿಟ್ಟಿದೀರ. ಮೆಷಿನ್ ಗೋಡೆಗೆ ತಾಗಿದ್ರೆ ಇಡೀ ಮನೆ ಕುಣಿಯತ್ತೆ ಅಂತ ಎಷ್ಟು ಸಲ ಹೇಳಿಲ್ಲ ನಿಮಗೆ?" ಟೇಬಲ್ಲನ್ನ ನಾಲ್ಕು ಬೆರಳು ಈಚೆ ಎಳೆದೆ. ಪೆಡಲ್ ಒತ್ತಿದೆ. ಮೆಷಿನ್ ಸದ್ದು ಮೆಷಿನ್ನಲ್ಲೇ ಉಳೀತು. ತಟ್ಟೆಗಳು ಸುಮ್ನಾದ್ವು.

ನಾನು ಸೂಜಿ ಬಲೆಯಲ್ಲೇ ಬಿಟ್ಟು ಎದ್ದೆ.

"ರೀ, ಲಾರಿ ಸ್ಟಾರ್ಟ್ ಮಾಡಿ ಬನ್ನಿ."

"ಯಾವ ಖುಷಿಗೆ?"

"ಬನ್ನಿ ಅಂದ್ರೆ ಬನ್ನಿ."

ಹೊರಗೆ ಇನ್ನೂ ಬೆಳಕಿತ್ತು. ಇವರು ಸ್ಟಾರ್ಟ್ ಮಾಡಿದ್ರು. ನಾನು ಬಾನೆಟ್ ಒಳಗೆ ಬಗ್ಗಿ ಒಂದು ಕೈ ಇಂಜಿನ್ ಮೇಲಿಟ್ಟೆ, ಇನ್ನೊಂದು ಕೈ ಚಾಸಿ ಮೇಲಿಟ್ಟೆ. ದೊಡ್ಡ ಮೇಸ್ತ್ರಿ ಹೇಳಿದ ಪ್ರಕಾರ ಇಂಜಿನ್ ಕುಣೀಬೇಕು, ಚಾಸಿ ಸುಮ್ನಿರಬೇಕು, ಮಧ್ಯೆ ರಬ್ಬರ್ ನುಂಗಬೇಕು. ಇಲ್ಲಿ ಎರಡು ಕೈಗೂ ಒಂದೇ ನಡುಕ. ಗಂಡ ಹೆಂಡತಿ ಒಂದೇ ಜ್ವರಕ್ಕೆ ಮಲಗಿದ ಹಾಗೆ.

"ಎಲ್ಲೋ ತಾಗ್ತಿದೆ ರೀ. ನಿಮ್ಮ ಇಂಜಿನ್ನನ್ನೂ ಯಾರೋ ಗೋಡೆಗೆ ಒತ್ತಿಟ್ಟಿದ್ದಾರೆ. ಆಫ್ ಮಾಡಿ, ಟಾರ್ಚ್ ಕೊಡಿ."

ಹಳೇ ಗೋಣಿಚೀಲ ಹಾಸಿ ಲಾರಿ ಕೆಳಗೆ ತೂರಿದೆ. ಇಂಜಿನ್ನಿನ ಹೊಟ್ಟೆಗೂ ಅದರ ಕೆಳಗೆ ಚಾಸಿಯಲ್ಲಿ ಅಡ್ಡಕ್ಕಿರೋ ಕಬ್ಬಿಣದ ತೊಲೆಗೂ ಮಧ್ಯೆ ಒಂದು ಮರದ ತುಂಡು. ಇಟ್ಟಿಗೆ ಗಾತ್ರ. ಅದರ ಸುತ್ತ ತಂತಿ ಬಿಗಿದಿದೆ. ಪಕ್ಕದಲ್ಲಿ ತಗಡಿನ ಬೆಣೆ ಬಡಿದಿದೆ. ಎಲ್ಲದರ ಮೇಲೂ ಮಿರಮಿರ ಮಿಂಚೋ ಕಪ್ಪು ಬಣ್ಣ. ರಬ್ಬರ್ ಪಾಪ ಹೊಸದು, ಸಂಬಳ ಇದೆ, ಕೆಲಸ ಇಲ್ಲ. ಇಂಜಿನ್ನಿನ ಭಾರ, ಕುಣಿತ ಎಲ್ಲಾ ಈ ಮರದ ಮೂಲಕ ನೇರ ಚಾಸಿಗೆ.

"ಸುತ್ತಿಗೆ ಕೊಡಿ!"

ಇವರೂ ತೂರಿ ಬಂದು ನೋಡಿದ್ರು. ನೋಡಿ, ನನ್ನ ಕೈ ಹಿಡ್ಕೊಂಡ್ರು. "ಏಯ್, ಮುಟ್ಟಬೇಡ. ಯಾರೋ ಏನೋ ಯೋಚನೆ ಮಾಡಿ ಇಟ್ಟಿರ್ತಾರೆ. ತಂತಿ ನೋಡು, ಎಷ್ಟು ನೀಟಾಗಿ ಕಟ್ಟಿದೆ."

"ನೀಟಾಗಿ ಕಟ್ಟಿದ್ರೆ ಸರಿಯಾಗಿದೆ ಅಂತಾನಾ? ನಿಮಗೂ ನೀಟಾಗೇ ಕಟ್ಟಿದ್ರು ನನ್ನ."

"ತಮಾಷೆ ಬೇಡ ಕಣೇ. ಇನ್ನೊಬ್ಬರ ಕೆಲಸ. ಯಾರದು ಅಂತ ಕೇಳಿ, ಅವರ ಕೈಯಲ್ಲೇ ತೆಗೆಸೋಣ. ನಾಳೆ ಇಡೀ ದಿನ ಇದೆ. ನಾನು ಆ ಬೀದೀಲಿ ಇನ್ನೂ ಬದುಕಬೇಕು."

"ಗಾಡಿ ಇದ್ರೆ ತಾನೇ ಬೀದಿ?" ಅಂದೆ. ಕೇಳಿಸದೋರ ಹಾಗೆ ಒಳಗೆ ಹೋದ್ರು.

ಶುಕ್ರವಾರ ಬೆಳಿಗ್ಗೆ ಗ್ಯಾರೇಜ್ ಬೀದಿಗೆ ಹೋಗಿ ಕೆಳಗಿಂದ ಮೇಲಕ್ಕೆ ವಿಚಾರಣೆ ಶುರು ಮಾಡಿದ್ವಿ. ಚಕ್ರದವನು ಬಗ್ಗಿ ನೋಡಿದ. "ಬಣ್ಣ ನಂದು. ಒಳಗಿಂದು ಕ್ಲಚ್ಚಣ್ಣಂದು ಅನ್ಕೊಂಡೆ, ಬೋಳಾಗಿತ್ತು, ನಾಲ್ಕು ಸಲ ಬ್ರಷ್ ಆಡಿಸಿದೆ."

ಕ್ಲಚ್ಚಣ್ಣ ಕೆಳಗೆ ಮಲಗಿ ಹೇಳಿದ. "ಬೆಣೆ ನಂದು. ಮರ ಪಂಪಿನವಂದು ಇರ್ಬೇಕು. ಅಲ್ಲಾಡ್ತಿತ್ತು, ಪಾಪ ಅವನ ಕೆಲಸ ಬಿದ್ದುಹೋಗ್ಬಾರ್ದು ಅಂತ ಬಿಗಿ ಮಾಡಿದೆ."

ಪಂಪಿನವನು ಅಂಗಡೀಲಿರಲಿಲ್ಲ, ಹೆಂಡತಿ ತವರಿಗೆ ಹೋಗಿದ್ದ. ಫೋನಲ್ಲಿ ಸಿಕ್ಕಿದ. "ತಂತಿ ನಾನೇ ಕಟ್ಟಿದ್ದು ಅಕ್ಕಾ. ಮೇಸ್ತ್ರಿಗಳ ಮರ, ದಾರೀಲಿ ಉದುರಿದ್ರೆ ನನಗಲ್ವಾ ಕೆಟ್ಟ ಹೆಸರು?"

ನಾಲ್ಕನೇದಾಗಿ ದೊಡ್ಡ ಮೇಸ್ತ್ರಿ. ಕನ್ನಡಕ ಒರೆಸ್ಕೊಂಡು, ಮೊಣಕಾಲೂರಿ ಬಗ್ಗಿದ್ರು. ಟಾರ್ಚ್ ಬಿಟ್ಟು ಆ ಕಡೆ ಈ ಕಡೆ ನೋಡಿದ್ರು. ಆಮೇಲೆ ಕಳೆದುಹೋದ ಮಗು ಸಿಕ್ಕಿದ ಹಾಗೆ ಒಂದು ಕೂಗು.

"ನನ್ನ ತುಂಡು!"

"ಏನು?"

"ನನ್ನ ಮರದ ತುಂಡು ತಾಯಿ! ಮೌಂಟಿಂಗ್ ಬದಲಾಯಿಸೋವಾಗ ಇಂಜಿನ್ ಎತ್ತಿ ಇದರ ಮೇಲೇ ಕೂರಿಸೋದು. ಮೂವತ್ತು ವರ್ಷದ ತುಂಡು. ನಾಲ್ಕು ತಿಂಗಳಿಂದ ಹುಡುಕ್ತಿದೀನಿ. ಆ ಕ್ಲಚ್ಚಿನವನೇ ಕದ್ದ ಅಂತ ಅವನ ಹತ್ರ ಮಾತು ಬಿಟ್ಟಿದ್ದೆ!"

ರಸ್ತೆ ಆಚೆಯಿಂದ ಯಾವುದೋ ಲಾರಿ ಅಡಿಯಿಂದ ದನಿ ಬಂತು: "ಅದಕ್ಕೇನಾ ನೀವು ಮಾತಾಡಿಸ್ತಿರ್ಲಿಲ್ಲ?"

ಹಾಗಾದ್ರೆ ನಡೆದಿದ್ದು ಇಷ್ಟು. ಹರಿದ ರಬ್ಬರಿಂದ ಬಂದ ನಡುಕಾನ ದೊಡ್ಡ ಮೇಸ್ತ್ರಿ ಮೊದಲ ದಿನಾನೇ ಸರಿ ಮಾಡಿದ್ರು. ಸರಿ ಮಾಡೋಕೆ ಕೆಳಗಿಟ್ಟ ತುಂಡು ಅಲ್ಲೇ ಮರೆತ್ರು. ಮರೆತಿದ್ದನ್ನ ಮಿಕ್ಕ ಮೂವರು ಚಿಕಿತ್ಸೆ ಅಂತ ತಿಳ್ಕೊಂಡು, ಒಬ್ಬ ಕಟ್ಟಿದ, ಒಬ್ಬ ಬಡಿದ, ಒಬ್ಬ ಬಣ್ಣ ಹೊಡೆದ. ಇನ್ನೊಂದು ಗ್ಯಾರೇಜಿಗೆ ಹೋಗಿದ್ರೆ ಅದಕ್ಕೆ ನಂಬರ್ ಪ್ಲೇಟೂ ಹಾಕಿರ್ತಿದ್ರು.

"ಸಿಕ್ತಲ್ಲ ಮೇಸ್ತ್ರಿಗಳೇ, ಬೇಗ ತೆಗೀರಿ" ಅಂದೆ.

ಅವರು ಕೈ ಚಾಚಿದ್ರು, ನಿಂತ್ರು, ಹಿಂದಕ್ಕೆ ಎಳ್ಕೊಂಡ್ರು.

"ಮರ ನಂದು. ತಂತಿ ನಂದಲ್ವಲ್ಲ."

"ಅಂದ್ರೆ?"

"ತಂತಿ ಪಂಪಿನವಂದು, ಬೆಣೆ ಕ್ಲಚ್ಚಿನವಂದು. ಬೇರೆಯವರ ಕೆಲಸ ನಾನು ಬಿಚ್ಚೋಕಾಗತ್ತಾ? ಬೀದಿಗೆ ಹಿರಿಯ ನಾನೇ ಹಾಗೆ ಮಾಡಿದ್ರೆ ಹೇಗೆ? ಮೊದಲು ಅವನು ಬಂದು ತಂತಿ ಬಿಚ್ಚಲಿ, ಆಮೇಲೆ ಇವನು ಬೆಣೆ ತೆಗೀಲಿ. ಆಮೇಲೆ ನಾನು."

"ಪಂಪಿನವನು ಬರೋದು ಯಾವಾಗ?"

"ಸೋಮವಾರ" ಅಂದ ಚಕ್ರದವನು. ಅವನೂ ನಮ್ಮ ಹಿಂದೇನೇ ಬಂದಿದ್ದ. "ಬಣ್ಣದ ವಿಷಯಕ್ಕೆ ನನ್ನ ಕಡೆಯಿಂದ ಏನೂ ಅಡ್ಡಿಯಿಲ್ಲ" ಅಂತ ಸೇರಿಸಿದ. ಎಂಥಾ ಧಾರಾಳ!

ಗಂಟೆ ಹನ್ನೆರಡಾಯ್ತು, ಒಂದಾಯ್ತು. ಮೇಸ್ತ್ರಿಗಳು ನಿಂತು, ಕ್ಲಚ್ಚಣ್ಣ ಪಕ್ಕದ ಲಾರಿ ಕೆಳಗೆ ಬಂದು ಮಲಗಿ, ಚರ್ಚೆ ಮಾಡ್ತಿದ್ರು. ಫೋನಲ್ಲೇ ಒಪ್ಪಿಗೆ ಕೊಟ್ರೆ ಸಾಕಾ? ಸಾಲಲ್ಲ. ಸಾಕ್ಷಿ ಇದ್ರೆ? ಅದು ಹೊಸ ಪದ್ಧತಿ ಆಗತ್ತೆ. ಎರಡು ಗಂಟೆಗೆ ಅತ್ತಿಗೆ ಫೋನ್ ಬಂತು. ಇವರು ಕಿವಿಗಿಟ್ಟು "ಹೂಂ ಅಕ್ಕಾ, ಹೂಂ ಅಕ್ಕಾ" ಅಂದು ಇಳಿಸಿದ್ರು. 

"ಏನಂತೆ?"

"ಬೇರೆ ಗಾಡಿಯವನು ಸಿಕ್ಕಿದ್ದಾನಂತೆ. ನಾಲ್ಕು ಗಂಟೆಯೊಳಗೆ ಹೂಂ ಊಹೂಂ ಹೇಳ್ಬೇಕಂತೆ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸ್ದೆ. "ಮೇಸ್ತ್ರಿಗಳೇ, ನಿಮ್ಮ ಕಾಯ್ದೆ ಈ ಬೀದಿ ಗ್ಯಾರೇಜಿನೋರಿಗೆ ತಾನೇ?"

"ಹೌದು."

"ನಾನು ಹೊಲಿಗೆಯವಳು. ಹೊಲಿದಿದ್ದನ್ನ ಬಿಚ್ಚೋದು ನನ್ನ ದಿನದ ಕೆಲಸ. ಅಳತೆ ತಪ್ಪಿದ್ರೆ ಯಾರು ಹೊಲಿದಿದ್ದು ಅಂತ ನೋಡಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ದೊಡ್ಡ ಮೇಸ್ತ್ರಿ ಗಂಟಲು ಸರಿ ಮಾಡ್ಕೊಂಡು, "ನಾವು ನೋಡಿಲ್ಲ ಅಂದ್ರೆ ನಮಗೆ ಗೊತ್ತಿಲ್ಲ" ಅಂತ ಬೆನ್ನು ತಿರುಗಿಸಿ ನಿಂತ್ರು. ಚಕ್ರದವನೂ ತಿರುಗಿದ. ಕ್ಲಚ್ಚಣ್ಣ ಮಲಗಿದ್ದೋನು ಮಗ್ಗುಲು ಬದಲಾಯಿಸಿದ.

ಉಳಿದಿದ್ದು ನಮ್ಮೆಜಮಾನ್ರು. ಇಪ್ಪತ್ತೈದು ವರ್ಷದಿಂದ ಈ ಬೀದೀಲಿ ಕಾಫಿ ಕುಡಿದು, ಇವರ ಮಾತಿಗೆಲ್ಲಾ ತಲೆಯಾಡಿಸಿದ ಮನುಷ್ಯ. ಒಂದು ಸಲ ಬೀದಿ ನೋಡಿದ್ರು, ಒಂದು ಸಲ ಲಾರಿ ನೋಡಿದ್ರು. ಆಮೇಲೆ ಬೀದಿಗೆಲ್ಲಾ ಕೇಳೋ ಹಾಗೆ, "ಬೇಡ ಕಣೇ, ಬೇಡ ಅಂದ್ರೂ ಕೇಳಲ್ವಲ್ಲ ನೀನು! ಯಾರ ಮಾತೂ ಕೇಳಲ್ಲ ಇವಳು!" ಅಂತ ಕೂಗ್ತಾ ಕೂಗ್ತಾ ಬೆನ್ನ ಹಿಂದಿಂದ ಸುತ್ತಿಗೆ ನನ್ನ ಕೈಗಿಟ್ರು. ಸಣ್ಣ ದನೀಲಿ, "ಮೊದಲು ತಂತಿ ಕತ್ತರಿಸು. ನಾನು ಜಾಕಿ ಕೊಟ್ಟು ಇಂಜಿನ್ ಒಂದು ಕೂದಲಷ್ಟು ಎತ್ತಿ ಹಿಡೀತೀನಿ. ಆಮೇಲೆ ಎಡಗಡೆಯಿಂದ ಹೊಡಿ" ಅಂದ್ರು.

ತಂತಿ ಕತ್ತರಿಸ್ದೆ. ಬೆಣೆ ಎರಡೇಟಿಗೆ ಬಿತ್ತು. ಮರ ಜಗ್ಗಲಿಲ್ಲ. ನಾಲ್ಕು ತಿಂಗಳ ಸಿಟ್ಟನ್ನೆಲ್ಲಾ ಸೇರಿಸಿ ಹೊಡೆದೆ: ಗಡಗಡಕ್ಕೊಂದು, ಗಿಡಿಗಿಡಿಗೊಂದು, "ನಿಂತಾಗ ಚಕ್ರ ಇರಲ್ವಾ" ಅಂದಿದ್ದಕ್ಕೆ ಎರಡು. ತುಂಡು ಎಗರಿ ನನ್ನ ಕಿವಿ ಪಕ್ಕದಲ್ಲೇ ನೆಲಕ್ಕೆ ಬಿತ್ತು. ಇವರು ಜಾಕಿ ಇಳಿಸಿದ್ರು. ಇಂಜಿನ್ ರಬ್ಬರಿನ ಮೇಲೆ ಉಸ್ಸಪ್ಪ ಅಂತ ಕೂತ್ಕೊಳ್ತು.

ಸ್ಟಾರ್ಟ್ ಮಾಡಿದ್ರು. ಇಂಜಿನ್ ಕುಣೀತು, ಬಾಗಿಲು ಸುಮ್ನಿತ್ತು. ಇವರು ಕ್ಯಾಬಿನ್ನಲ್ಲಿ ಅಲ್ಲಾಡದೆ ಕೂತಿದ್ರು, ಅಲ್ಲಾಡಿದ್ರೆ ಮತ್ತೆ ಶುರುವಾದೀತು ಅನ್ನೋ ಹಾಗೆ.

ಬೆನ್ನು ತಿರುಗಿಸಿದ್ದ ಮೂವರೂ ಈಗ ತಿರುಗಿದ್ರು.

"ಮೊದಲ ದಿನಾನೇ ಹೇಳಿದ್ನಲ್ಲ, ಮೌಂಟಿಂಗ್ ಅಂತ" ಅಂದ್ರು ದೊಡ್ಡ ಮೇಸ್ತ್ರಿ, ತುಂಡನ್ನ ಎತ್ಕೊಂಡು ಒರೆಸ್ತಾ.

"ಪ್ಲೇಟು ಸೆಟ್ ಆಯ್ತು ನೋಡಿ" ಅಂದ ಕ್ಲಚ್ಚಣ್ಣ.

ಚಕ್ರದವನು ಟಯರ್ ತಟ್ಟಿದ. "ನಿಂತಾಗ ಎಷ್ಟು ಚೆನ್ನಾಗಿ ನಿಂತಿದೆ!"

ನನ್ನ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಇವರು ಮೆಲ್ಲಗೆ ಕಿತ್ಕೊಂಡ್ರು.

ಮೂರೂವರೆಗೆ ಅತ್ತಿಗೆಗೆ ಹೂಂ ಅಂದ್ವಿ. ಅತ್ತಿಗೆ ನಂಬಲಿಲ್ಲ. "ಈ ಮಾತು ಎರಡು ಸಲ ಕೇಳಿದೀನಿ. ಹುಳ ಹೇಳ್ಲಿ, ಆಮೇಲೆ ನಂಬ್ತೀನಿ."

ಶನಿವಾರ ಸೂರ್ಯ ಹುಟ್ಟೋ ಮುಂಚೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಹಾಕಿ, ನಲವತ್ತನ್ನೂ ಹೇರಿ ಹಗ್ಗ ಬಿಗಿದ್ವಿ. ಅತ್ತಿಗೆ ನಾನು ಹೊಲಿದ ಮುಸುಕು ಹಾಕ್ಕೊಂಡು ಹಿಂದುಗಡೆ ಪೆಟ್ಟಿಗೆಗಳ ಮಧ್ಯೆ ಕೂತ್ರು, ಒಂದಕ್ಕೆ ಕಿವಿ ಆನಿಸ್ಕೊಂಡು.

"ಕೇಳೋ. ಕ್ಯಾಬಿನ್ ಮೇಲೆ ಒಂದು ಸಲ ಬಡಿದ್ರೆ ಗಾಡಿ ನಿಲ್ಲಿಸು. ಇನ್ನೊಂದು ಸಲ ಬಡಿದ್ರೆ ಇಳಿದು ಓಡು."

"ನಾನು?" ಅಂದೆ.

"ನೀನೂ ಓಡು. ಅವನ ಕೈ ಹಿಡ್ಕೊಳ್ಳೋಕೆ ನಿಲ್ಲಬೇಡ."

ಹೊರಟ್ವಿ. ಇಷ್ಟು ನಿಧಾನಕ್ಕೆ ಇವರು ಓಡಿಸಿದ್ದು ನಾನು ನೋಡಿರಲಿಲ್ಲ. ಸೈಕಲ್ಲಿನ ಒಬ್ಬ ಮುದುಕ ನಮ್ಮನ್ನ ದಾಟಿ ಹೋಗಿ, ತಿರುಗಿ ನೋಡಿದ.  ಹಿಂದಿಂದ ಏನಾದ್ರೂ ಸದ್ದು ಬರತ್ತಾ ಅಂತ ಇಬ್ಬರೂ ಕಿವಿ ಹಿಂದಕ್ಕೇ ಇಟ್ಟಿದ್ವಿ. ಸೇತುವೆ ದಾಟ್ತು. ಉಬ್ಬು ಹತ್ತಿ ಇಳೀತು. ಏನಿಲ್ಲ. ದೊಡ್ಡ ರಸ್ತೆ ಬಿಟ್ಟು ಹೊಲದ ಕಡೆ ತಿರುಗಿದ್ವಿ.

ಢಮ್.

ಇವರು ಬ್ರೇಕ್ ಒತ್ತಿದ್ರು. ಗಾಡಿ ನಿಂತಿತು. ಇವರ ಗಂಟಲಿಂದ ಗಾಳಿ ಹೋದ ಟಯರ್ ಥರ ಒಂದು ಸದ್ದು.

ಅತ್ತಿಗೆ ಪಕ್ಕದಿಂದ ಬಗ್ಗಿ ಕಿಟಕಿಗೆ ಮುಖ ತಂದ್ರು. ಮುಸುಕಿನ ಒಳಗೆ ಮುಖ ಕಾಣ್ತಿರಲಿಲ್ಲ. "ಏನೋ ಇದು?"

"ಎದ್ದುಬಿಟ್ವಾ ಅಕ್ಕಾ?"

"ಯಾರು ಏಳೋದು? ಹುಳ ಬೆಣ್ಣೆ ಥರ ಕೂತಿವೆ. ನೀನ್ಯಾಕೆ ಹೀಗೆ ತೆವಳ್ತಿದೀಯ? ಬಿಸಿಲೇರೋದ್ರೊಳಗೆ ಇಳಿಸಬೇಕು. ಈ ಥರ ಹೋದ್ರೆ ನಾವು ಮುಟ್ಟೋ ಹೊತ್ತಿಗೆ ಹೂವು ಬೀಜ ಆಗಿರತ್ತೆ. ಓಡ್ಸೋ!"

ಹೇಳಿ, ಮೇಲಕ್ಕೆ ಸರಿದು, 'ಹೊರಡು' ಅನ್ನೋ ಹಾಗೆ ಕ್ಯಾಬಿನ್ ಮೇಲೆ ಇನ್ನೊಂದು ಸಲ ಬಡಿದ್ರು.

ಢಮ್.

ನಾನು ತಿರುಗೋದ್ರಲ್ಲಿ ಡ್ರೈವರ್ ಸೀಟು ಖಾಲಿ. ಬಾಗಿಲು ತೆರೆದಿತ್ತು. ನಮ್ಮೆಜಮಾನ್ರು ದಾರಿ ಪಕ್ಕದ ಸೂರ್ಯಕಾಂತಿ ಸಾಲುಗಳ ಮಧ್ಯೆ, ಎರಡು ಕೈಯಲ್ಲೂ ತಲೆ ಮುಚ್ಕೊಂಡು, ಮೈಯಿಂದಲೇ ಹೂವುಗಳನ್ನ ತಳ್ತಾ ಓಡ್ತಿದ್ರು. ಐವತ್ತು ಹೆಜ್ಜೆ ಹೋಗಿ, ಏನೂ ಕಚ್ಚಲಿಲ್ಲ ಅಂತ ಗೊತ್ತಾಗಿ ನಿಂತ್ರು. ಇಂಜಿನ್ ಅಷ್ಟು ಹೊತ್ತೂ ತನ್ನ ಪಾಡಿಗೆ ತಾನು ಓಡ್ತಿತ್ತು. ನಡುಗ್ತಿದ್ದಿದ್ದು ಇವರು ತಳ್ಕೊಂಡು ಹೋದ ಹೂವುಗಳು ಮಾತ್ರ.

"ಎಲ್ಲಿಗೋ ಹೊರಟೆ?" ಅಂತ ಅತ್ತಿಗೆ ಮೇಲಿಂದ ಕೂಗಿದ್ರು. "ಹತ್ತೋ ಬಂದು! ಗುಜರಿಯವನಿಗೆ ಗಾಡಿ ಕೊಡಲ್ಲ ಅಂತ ಆಮೇಲೆ ಹೇಳ್ತೀನಿ, ಮೊದಲು ಇದನ್ನ ಹೊಲ ಮುಟ್ಟಿಸು. ಸೋಮವಾರ ಇನ್ನೂ ನಲವತ್ತಿವೆ!"